ಹಳೇ ಪವರ್ ಆಂಪ್ ತಗೊಳ್ಳೋ ಮುಂಚೆ ಅದರ ಹೊಟ್ಟೆ ನೋಡಿ

ನಮಸ್ಕಾರ. ಮೊನ್ನೆ ಗೆಳೆಯನೊಬ್ಬ ಒಂದು ಫೋಟೋ ಕಳಿಸಿದ. ಅಮೆರಿಕದ ಕ್ರೆಲ್ ಕೆಎಸ್‌ಎ-50. 1980ರ ದಶಕದ ಪವರ್ ಆಂಪ್, ಅಂದರೆ ಹಾಡಿನ ಸಿಗ್ನಲ್‌ಗೆ ಬಲ ಕೊಟ್ಟು ಸ್ಪೀಕರ್ ಓಡಿಸುವ ಯಂತ್ರ. ದಪ್ಪ ಲೋಹದ ಮುಖ, ನೋಡಿದರೆ ಬ್ಯಾಂಕ್ ಲಾಕರ್ ಥರ. ಕೆಳಗೆ ಒಂದೇ ಪ್ರಶ್ನೆ: "ತಗೊಳ್ಳಲಾ?" ನಾನು ಬೆಲೆ ಕೇಳಲಿಲ್ಲ. "ಕವರ್ ಬಿಚ್ಚಿ ಒಳಗಿನ ಫೋಟೋ ಕಳಿಸು" ಅಂದೆ.

ಈಗ ಹೇಳುವ ಮಾತಿಗೆ ಕೆಲವರಿಗೆ ಕೋಪ ಬರಬಹುದು. ಬರಲಿ. ಹಳೆಯ ಪವರ್ ಆಂಪ್ ಆರಿಸುವಾಗ ಅದರ ಸೌಂಡ್ ಬಗ್ಗೆ ಆಮೇಲೆ ಮಾತಾಡೋಣ. ಅದು ಕೆಟ್ಟ ದಿನ ಯಾವ ಪಾರ್ಟ್ ಹಾಕುತ್ತೀರಿ, ಅದು ಎಲ್ಲಿ ಸಿಗುತ್ತದೆ, ಸರ್ಕ್ಯೂಟ್ ಡಯಾಗ್ರಾಮ್ ಕೈಯಲ್ಲಿ ಇದೆಯಾ? ಇದು ಮೊದಲು. ಕೆಡುತ್ತದೋ ಇಲ್ಲವೋ ಅನ್ನುವ ಪ್ರಶ್ನೆಯೇ ಬೇಡ. 40 ವರ್ಷ ದಾಟಿದ ಯಂತ್ರ, ಕೆಟ್ಟೇ ಕೆಡುತ್ತದೆ.

ಇದರಲ್ಲಿ ಒಂದು ತಮಾಷೆ ಇದೆ. ಮ್ಯಾಕಿಂಟಾಷ್ ಎಂಸಿ275 ಬಂದದ್ದು 1961ರಲ್ಲಿ. ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್ ಊರಿನ ಕಂಪನಿ. ಅದು ವಾಲ್ವ್ ಆಂಪ್, ಚಾನಲ್‌ಗೆ 75 ವ್ಯಾಟ್. ಅಜ್ಜನ ರೇಡಿಯೋ ಕಾಲದ ತಂತ್ರ. ಅದರ ಕೆಟಿ88 ವಾಲ್ವ್‌ಗಳನ್ನು ಇವತ್ತಿಗೂ ಹೊಸದಾಗಿ ಮಾಡುತ್ತಾರೆ, ದುಡ್ಡು ಕೊಟ್ಟರೆ ಮನೆಗೆ ಬರುತ್ತವೆ. 1970ರ ದಶಕದ ನಡುವೆ ಯಮಹಾ ಮತ್ತು ಸೋನಿ ವಿ-ಫೆಟ್ ಅನ್ನುವ ಹೊಸ ಬಗೆಯ ಟ್ರಾನ್ಸಿಸ್ಟರ್ ಹಾಕಿ ಆಂಪ್ ಮಾಡಿದವು. ಯಮಹಾ ಬಿ-1 ಅಂಥದ್ದೇ. ಆ ಕಾಲಕ್ಕೆ ಅದೇ ಮುಂದಿನ ಯುಗ ಅಂದುಕೊಂಡಿದ್ದರು. ಈಗ ಆ ವಿ-ಫೆಟ್ ಸುಟ್ಟರೆ ಅಂಗಡಿಯಲ್ಲಿ ಹೊಸದು ಸಿಗುವುದಿಲ್ಲ. ಸತ್ತ ಇನ್ನೊಂದು ಆಂಪ್‌ನಿಂದ ಕಿತ್ತು ತರಬೇಕು. ಹಳೆಯದು ಉಳಿಯಿತು, ಹೊಸದು ಅನಾಥವಾಯಿತು.

ಕ್ರೆಲ್ ವಿಷಯಕ್ಕೆ ಬರೋಣ. ಅದು ಕ್ಲಾಸ್ ಎ. ಹಾಡು ಇರಲಿ, ಬಿಡಲಿ, ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳಲ್ಲಿ ಕರೆಂಟ್ ಹರಿಯುತ್ತಲೇ ಇರುತ್ತದೆ. ಸುಮ್ನೆ ಕೂತಾಗಲೇ ಜಾಸ್ತಿ ಬಿಸಿ. ಚಾನಲ್‌ಗೆ 50 ವ್ಯಾಟ್ ಕೊಡುವುದಕ್ಕೆ ಗೋಡೆಯಿಂದ ಸುಮಾರು 300 ವ್ಯಾಟ್ ಎಳೆಯುತ್ತದೆ ಅಂತ ಇಟ್ಟುಕೊಳ್ಳಿ. ದಿನಕ್ಕೆ 4 ಗಂಟೆ ಹಾಕಿದರೆ ತಿಂಗಳಿಗೆ 36 ಯೂನಿಟ್. ಬಿಲ್ ಕಟ್ಟಿಬಿಡಬಹುದು, ಅದಲ್ಲ ತಲೆನೋವು. ಒಳಗೆ ಚಾರ್ಜ್ ಹಿಡಿದಿಡುವ ಎಲೆಕ್ಟ್ರೋಲಿಟಿಕ್ ಕಂಡೆನ್ಸರ್‌ಗಳಿಗೆ ಬಿಸಿ ಒಗ್ಗುವುದಿಲ್ಲ. 10 ಡಿಗ್ರಿ ಏರಿದರೆ ಆಯಸ್ಸು ಅರ್ಧ ಅನ್ನುವುದು ರಿಪೇರಿ ಮಾಡುವವರ ಹಳೇ ಲೆಕ್ಕ. ನಮ್ಮ ಏಪ್ರಿಲ್ ತಿಂಗಳ ಸೆಕೆಯಲ್ಲಿ, ಮುಚ್ಚಿದ ಷೋಕೇಸ್ ಒಳಗೆ ಅದನ್ನು ಇಟ್ಟವರನ್ನು ನಾನು ನೋಡಿದ್ದೇನೆ. ಇಡ್ಲಿ ಬೇಯಿಸಬಹುದಿತ್ತು.

ಇನ್ನೊಂದು ಮಾತು. ಅಮೆರಿಕದ ಲೈನ್ 120 ವೋಲ್ಟ್, 60 ಹರ್ಟ್ಸ್. ನಮ್ಮದು 230 ವೋಲ್ಟ್, 50 ಹರ್ಟ್ಸ್. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆ, ಹರ್ಟ್ಸ್ ಬದಲಿಸುವುದಿಲ್ಲ. 60ಕ್ಕೆ ಮಾತ್ರ ಅಂತ ಬಿಗಿಯಾಗಿ ಸುತ್ತಿದ ಟ್ರಾನ್ಸ್‌ಫಾರ್ಮರ್ 50ರಲ್ಲಿ ಜಾಸ್ತಿ ಕಾಯುತ್ತದೆ, ಗುಂಯ್ ಅನ್ನುತ್ತದೆ. ಹಿಂದಿನ ಪ್ಲೇಟಿನ ಮೇಲೆ 50/60 ಅಂತ ಬರೆದಿದೆಯಾ ಅಂತ ಮೊದಲು ಓದಿ.

ನನ್ನ ಹತ್ತಿರ ಇರುವುದು ಕ್ವಾಡ್ 405. ಇಂಗ್ಲೆಂಡಿನ ಹಂಟಿಂಗ್‌ಡನ್‌ನಲ್ಲಿ ಪೀಟರ್ ವಾಕರ್ ಅವರ ಕಂಪನಿ 1975ರಲ್ಲಿ ತಂದದ್ದು. ಚಾನಲ್‌ಗೆ 100 ವ್ಯಾಟ್. ಮುಂದೆ ಮೀಟರ್ ಇಲ್ಲ, ನೀಲಿ ಬೆಳಕಿಲ್ಲ, ಬಿಸಿ ಹೊರಹಾಕುವ ಹೀಟ್ ಸಿಂಕೇ ಅದರ ಮುಖ. ನಮ್ಮ ಮನೆಯವರು ಮೊದಲ ದಿನ "ಇದು ಯುಪಿಎಸ್ಸಾ?" ಅಂದಿದ್ದರು.

ಅದರ ಕರೆಂಟ್ ಡಂಪಿಂಗ್ ಅನ್ನುವ ಸರ್ಕ್ಯೂಟ್ ನನಗೆ ತುಂಬಾ ಇಷ್ಟ. ತೇರು ಎಳೆಯುವುದನ್ನು ನೋಡಿದ್ದೀರಲ್ಲ? ಹಗ್ಗ ಹಿಡಿದು ನೂರಾರು ಜನ ಎಳೆಯುತ್ತಾರೆ. ಆದರೆ ಚಕ್ರಕ್ಕೆ ಮರದ ತುಂಡು ಕೊಟ್ಟು ದಾರಿ ತಿದ್ದುವವರು ನಾಲ್ಕೈದು ಜನ. ಇಲ್ಲೂ ಹಾಗೇ. ದೊಡ್ಡ ಟ್ರಾನ್ಸಿಸ್ಟರ್‌ಗಳು ಒರಟಾಗಿ ಕರೆಂಟ್ ಸುರಿಯುತ್ತವೆ. ಒಂದು ಚಿಕ್ಕ, ಅಚ್ಚುಕಟ್ಟಾದ ಆಂಪ್ ಅವುಗಳ ತಪ್ಪನ್ನು ಆಗಿಂದಾಗಲೇ ತುಂಬಿಕೊಡುತ್ತದೆ. ಹಾಗಾಗಿ ಬಯಾಸ್ ಪ್ರಿಸೆಟ್ (ಸುಮ್ನೆ ಕೂತಾಗ ಟ್ರಾನ್ಸಿಸ್ಟರ್‌ನಲ್ಲಿ ಹರಿಯುವ ಕರೆಂಟ್ ಹೊಂದಿಸುವ ತಿರುಪು) ತಿರುಗಿಸಿ ಹೊಂದಿಸುವ ಕೆಲಸವೇ ಇಲ್ಲ. ವರ್ಷ ಕಳೆದರೂ ಅದು ಸರಿಯುವ ಭಯ ಇಲ್ಲ. ಡಯಾಗ್ರಾಮ್ ಸಿಗುತ್ತದೆ. ಔಟ್‌ಪುಟ್‌ಗೆ ಬದಲಿಯಾಗಿ ಎಂಜೆ15003 ಟ್ರಾನ್ಸಿಸ್ಟರ್ ನಡೆಯುತ್ತದೆ.

ಆದರೂ ಏಟು ತಿಂದೆ. ಎಡಗಡೆ ಚಾನಲ್‌ನಲ್ಲಿ ಆಗಾಗ ಕರಕರ ಸದ್ದು ಬರುತ್ತಿತ್ತು. ಒಂದು ರಿಪೇರಿ ಅಂಗಡಿಗೆ ಕೊಟ್ಟೆ, ಹೆಸರು ಬೇಡ. "ಸಾರ್, ಫುಲ್ ರೀಕ್ಯಾಪ್ ಮಾಡಿಬಿಡೋಣ, ಹೊಸದರ ಥರ ಆಗುತ್ತೆ" ಅಂದರು. ಎಲ್ಲ ಕಂಡೆನ್ಸರ್ ಬದಲಾಯಿತು. ಕೇಳದೇ ಇದ್ದರೂ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳೂ ಬದಲಾದವು. ಮೂರು ವಾರ ಚೆನ್ನಾಗಿ ಹಾಡಿತು. ಒಂದು ಸಂಜೆ ಟಪ್ ಅಂತು, ಸ್ಪೀಕರ್ ಕೋನ್ ಮುಂದೆ ಬಂದು ನಿಂತಿತು, ಹಿಂದೆಯೇ ಸುಟ್ಟ ವಾಸನೆ. ಟ್ರಾನ್ಸಿಸ್ಟರ್ ಶಾರ್ಟ್ ಆಗಿ 50 ವೋಲ್ಟ್ ಡಿಸಿ ನೇರವಾಗಿ ವೂಫರ್‌ಗೆ ಹೋಗಿತ್ತು. ಆ ಟ್ರಾನ್ಸಿಸ್ಟರಿನ ಲೋಹದ ಟೊಪ್ಪಿ ಗರಗಸದಲ್ಲಿ ಕೊಯ್ದು ನೋಡಿದೆ. ಒಳಗೆ ಎಳ್ಳುಕಾಳಿನಷ್ಟು ಚಿಪ್. ಮೇಲೆ ದೊಡ್ಡ ನಂಬರ್ ಪ್ರಿಂಟ್ ಮಾಡಿದ ನಕಲಿ ಮಾಲು.

ಮೊದಲಿನ ಕರಕರ ಸದ್ದು? ಅದು ಹೋಗಿರಲೇ ಇಲ್ಲ. ಇನ್‌ಪುಟ್ ಸಾಕೆಟ್‌ನಲ್ಲಿ ಡ್ರೈ ಸೋಲ್ಡರ್, ಅಂದರೆ ಸರಿಯಾಗಿ ಹಿಡಿಯದ ಬೆಸುಗೆ. ಹತ್ತು ನಿಮಿಷದ ಕೆಲಸ.

ಅದಕ್ಕೇ ಈ ಫುಲ್ ರೀಕ್ಯಾಪ್ ಅನ್ನುವ ಹುಚ್ಚು ಕಂಡರೆ ನನಗೆ ಆಗುವುದಿಲ್ಲ. ಸಪ್ಲೈ ಕಂಡೆನ್ಸರ್ ಉಬ್ಬಿದೆಯಾ, ಸೋರಿದೆಯಾ, ಸ್ಪೀಕರ್‌ನಲ್ಲಿ 100 ಹರ್ಟ್ಸ್ ಹಮ್ ಕೇಳುತ್ತದೆಯಾ, ಬದಲಾಯಿಸಿ. ಇಲ್ಲದಿದ್ದರೆ ಮೊದಲು ಅಳೆಯಿರಿ. ಸ್ಪೀಕರ್ ಟರ್ಮಿನಲ್‌ನಲ್ಲಿ ಮೀಟರ್ ಇಟ್ಟು ಡಿಸಿ ಎಷ್ಟಿದೆ ನೋಡಿ. ಕೆಲವೇ ಮಿಲಿವೋಲ್ಟ್ ಇದ್ದರೆ ನೆಮ್ಮದಿ. ನೂರು ದಾಟಿದರೆ ಸ್ಪೀಕರ್ ಹಚ್ಚಬೇಡಿ. ಚೆನ್ನಾಗಿರುವ ಹಳೇ ಟ್ರಾನ್ಸಿಸ್ಟರ್ ಕಿತ್ತು ಗೊತ್ತಿಲ್ಲದ ಹೊಸದು ಹಾಕುವುದಕ್ಕೆ ಮೇಂಟೆನೆನ್ಸ್ ಅನ್ನುತ್ತಾರಾ?

ನಮ್ಮ ಬೀದಿ ರೇಡಿಯೋ ರಿಪೇರಿಯವರ ಸೀರೀಸ್ ಬಲ್ಬ್ ಇದೆಯಲ್ಲ, ಅದಕ್ಕಿಂತ ಒಳ್ಳೆಯ ಸಾಧನ ನಾನು ನೋಡಿಲ್ಲ. 100 ವ್ಯಾಟಿನ ಹಳೇ ತಂತಿ ಬಲ್ಬು, ಎಲ್‌ಇಡಿ ನಡೆಯುವುದಿಲ್ಲ. ಆಂಪ್‌ನ ಲೈನ್ ಅದರ ಮೂಲಕ ಹೋಗಬೇಕು. ಸ್ವಿಚ್ ಹಾಕಿದಾಗ ಬಲ್ಬ್ ಒಮ್ಮೆ ಮಿಂಚಿ ಮಂಕಾದರೆ ಸದ್ಯಕ್ಕೆ ಸರಿ. ಬೆಳಗುತ್ತಲೇ ಇದ್ದರೆ ಒಳಗೆ ಶಾರ್ಟ್, ತಕ್ಷಣ ಆಫ್ ಮಾಡಿ. ಬಲ್ಬು ಏಟು ತಗೊಂಡು ಆಂಪ್ ಉಳಿಸುತ್ತದೆ. ಕ್ಲಾಸ್ ಎ ಆದರೆ ಮಾತ್ರ ಈ ಲೆಕ್ಕ ಹಿಡಿಯುವುದಿಲ್ಲ, ಅದು ಆರೋಗ್ಯವಾಗಿದ್ದರೂ ಬಲ್ಬ್ ಉರಿಸುತ್ತದೆ.

ಹಾಂ, ಹಲ್ಲಿ ವಿಷಯ ಮರೆತಿದ್ದೆ. ವಿದೇಶದ ಯಾವ ಮ್ಯಾನ್ಯುಯಲ್‌ನಲ್ಲೂ ಇರುವುದಿಲ್ಲ. ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಅಂತ ಒಳಗೆ ಸೇರಿಕೊಂಡು ಮೇನ್ಸ್ ಟರ್ಮಿನಲ್ ಮೇಲೆ ಕಾಲಿಡುತ್ತವೆ. ವರ್ಷಕ್ಕೆ ಎರಡು ಸಲ ಪ್ಲಗ್ ಕಿತ್ತು, ಸಪ್ಲೈ ಕಂಡೆನ್ಸರ್‌ನಲ್ಲಿ ಚಾರ್ಜ್ ಉಳಿದಿಲ್ಲ ಅಂತ ಮೀಟರಿನಲ್ಲಿ ನೋಡಿ, ಬ್ರಷ್ ಹಿಡಿದು ಗುಡಿಸುತ್ತೇನೆ. ನನ್ನ ಮುಖ್ಯ ಮೇಂಟೆನೆನ್ಸ್ ಅಷ್ಟೇ.

ಗೆಳೆಯನ ಕ್ರೆಲ್ ಏನಾಯಿತು ಅಂದರೆ, ಮಾರುವವರು "ಸೀಲ್ ಇದೆ, ಕವರ್ ಬಿಚ್ಚುವುದಿಲ್ಲ" ಅಂದರಂತೆ. ಸೀಲ್ ಅಂತೆ, ಇಷ್ಟು ಹಳೇ ಆಂಪ್‌ಗೆ! ಶನಿವಾರ ನಾನೂ ಅವನ ಜೊತೆ ಹೋಗುತ್ತಿದ್ದೇನೆ. ಮೀಟರ್, ಸ್ಕ್ರೂಡ್ರೈವರ್, ಟಾರ್ಚ್ ಚೀಲಕ್ಕೆ ಹಾಕಿದ್ದೇನೆ. ದುಡ್ಡನ್ನು ಮಾತ್ರ ಮನೆಯಲ್ಲೇ ಇಟ್ಟು ಬಾ ಅಂತ ಅವನಿಗೆ ಹೇಳಿದ್ದೇನೆ.