ಹಿಂದಿನ ಹೌಸಿಂಗ್ ನೋಡದೆ ಜೀಪಿಗೆ ಅಡ್ವಾನ್ಸ್ ಕೊಡಬೇಡಿ

ನಮಸ್ಕಾರ. ಹಳೇ ಜೀಪು ಮಾರೋರ ಬಾಯಲ್ಲಿ ಎಲ್ಲಾ ಗಾಡಿನೂ ಮಿಲಿಟರಿ ಗಾಡಿನೇ. ಹಸಿರು ಬಣ್ಣ, ಬಾನೆಟ್ ಮೇಲೆ ಬಿಳಿ ನಕ್ಷತ್ರ, ಒಂಬತ್ತು ಸೀಳಿನ ಗ್ರಿಲ್ ಇದ್ರೆ ಮುಗೀತು, '1944ರ ವಿಲ್ಲಿಸ್ ಸಾರ್' ಅಂತಾರೆ. ಗ್ರಿಲ್ ಬದಲಾಯಿಸೋದು ಎಷ್ಟೊತ್ತಿನ ಕೆಲಸ? ಆರ್‌ಸಿ ಪುಸ್ತಕ ಚಾಸಿ ನಂಬರ್ ಹೇಳುತ್ತೆ, ಎಂಜಿನ್ ನಂಬರ್ ಹೇಳುತ್ತೆ, ಹಿಂದಿನ ಹೌಸಿಂಗ್, ಅಂದ್ರೆ ಹಿಂದಿನ ಆಕ್ಸಲ್ಲೂ ಅದರ ಗೇರೂ ಕೂತಿರೋ ಕಬ್ಬಿಣದ ಕವಚದ ಬಗ್ಗೆ ಒಂದಕ್ಷರ ಹೇಳಲ್ಲ. ಹಾಗಾಗಿ ಬೆಲೆ ಮಾತಾಡೋಕೆ ಮುಂಚೆ ಹಿಂದಿನ ಚಕ್ರದ ಎದುರು ಕುಕ್ಕರಗಾಲಲ್ಲಿ ಕೂತ್ಕೊಳ್ಳಿ.

ದಾವಣಗೆರೆ, ಚಿತ್ರದುರ್ಗದ ಕಡೆ ಜೀಪು ಶೋಕಿಗೆ ಇದ್ದದ್ದಲ್ಲ. ಜಗಳೂರಿನ ಎರೆ ಹೊಲಕ್ಕೆ, ಭೀಮಸಮುದ್ರದ ಅಡಿಕೆಗೆ, ಹೊಸದುರ್ಗದ ಸಂತೆಗೆ ದುಡಿದ ಗಾಡಿಗಳಿವು. ಆಕ್ಸಲ್ ಮುರಿದಾಗ ಗುಜರಿಯಲ್ಲಿ ಸಿಕ್ಕ ಹೌಸಿಂಗ್ ತಂದು ಕೂರಿಸಿರ್ತಾರೆ. ಅದು ತಪ್ಪಲ್ಲ, ಗಾಡಿ ಓಡಬೇಕಿತ್ತು. ಆದ್ರೆ ಅದನ್ನೇ 'ಕಂಪನಿ ಒರಿಜಿನಲ್' ಅಂತ ದುಬಾರಿಗೆ ಮಾರಿದ್ರೆ ನಾವು ಯಾಕೆ ಒಪ್ಪಬೇಕು?

ಮೊದಲು ಚಕ್ರದ ನಡುಭಾಗ ನೋಡಿ. ಅಲ್ಲಿ ಆರು ಬೋಲ್ಟ್ ಹಾಕಿರೋ ಫ್ಲ್ಯಾಂಜ್ (ಬಿಲ್ಲೆ) ಹೊರಗೆ ಚಾಚಿದ್ರೆ ಅದು ಫುಲ್ ಫ್ಲೋಟಿಂಗ್, ಅಂದ್ರೆ ಗಾಡಿ ಭಾರ ಶಾಫ್ಟ್ ಮೇಲೆ ಬೀಳದ ಆಕ್ಸಲ್. ಎರಡನೇ ಮಹಾಯುದ್ಧದ ಮಿಲಿಟರಿ ಜೀಪುಗಳಾದ ವಿಲ್ಲಿಸ್ ಎಂಬಿ, ಫೋರ್ಡ್ ಜಿಪಿಡಬ್ಲ್ಯೂ ಎರಡಕ್ಕೂ ಬಂದದ್ದು ಇದೇ, ಸ್ಪೈಸರ್ ಕಂಪನಿಯ 23-2 ಆಕ್ಸಲ್. ಯುದ್ಧ ಮುಗಿದ ಮೇಲೆ ಜನಸಾಮಾನ್ಯರಿಗೆ ಬಂದ ವಿಲ್ಲಿಸ್ ಜೀಪು ಸಿಜೆ-2ಎಯಲ್ಲೂ ಶುರುವಿನ ಗಾಡಿಗಳಿಗೆ ಇದನ್ನೇ ಹಾಕಿದ್ರು. ಆಮೇಲೆ ಭಾರವನ್ನೂ ಶಾಫ್ಟೇ ಹೊರೋ ಸೆಮಿ ಫ್ಲೋಟಿಂಗ್ ಆಕ್ಸಲ್ 41-2 ಬಂತು, ಅದಾದ ಮೇಲೆ 44. ನಡುವೆ ಒಂದೇ ದೊಡ್ಡ ನಟ್, ಅದಕ್ಕೆ ಸ್ಪ್ಲಿಟ್ ಪಿನ್ ಇದ್ರೆ ಟೇಪರ್ ಶಾಫ್ಟಿನ, ಅಂದ್ರೆ ತುದಿ ಸಣ್ಣಗಾಗ್ತಾ ಹೋಗೋ ಶಾಫ್ಟಿನ ಸೆಮಿ ಫ್ಲೋಟಿಂಗ್. ನಟ್ಟೂ ಇಲ್ಲ, ಚಾಚಿದ ಫ್ಲ್ಯಾಂಜೂ ಇಲ್ಲ, ಶಾಫ್ಟಿನ ತುದಿಯೇ ತಟ್ಟೆ ಥರ ಅಗಲವಾಗಿ ಡ್ರಮ್‌ಗೆ ಕೂತಿದ್ರೆ ಅದು ನಂತರದ ಕಾಲದ್ದು.

ಜಿಪಿಡಬ್ಲ್ಯೂ ಅಂತ ಹೇಳಿ ಮಾರ್ತಿದ್ರೆ ಬೋಲ್ಟ್ ತಲೆ ಮೇಲೆ ಫೋರ್ಡಿನ 'ಎಫ್' ಗುರುತು ಹುಡುಕಿ. ಆದ್ರೆ ನಾಲ್ಕು ಬೋಲ್ಟ್ ನೋಡಿ ಕುಣೀಬೇಡಿ, ಬೋಲ್ಟೂ ಗುಜರಿಯಲ್ಲಿ ಸಿಗುತ್ತೆ.

ಈಗ ಗಾಡಿ ಹಿಂದಕ್ಕೆ ಬನ್ನಿ. ಸ್ಪೈಸರ್ 18 ಟ್ರಾನ್ಸ್‌ಫರ್ ಕೇಸ್ (ಎಂಜಿನ್ ಬಲವನ್ನ ಮುಂದಿನ, ಹಿಂದಿನ ಆಕ್ಸಲ್‌ಗೆ ಹಂಚೋ ಡಬ್ಬಿ) ಇರೋ ಜೀಪಲ್ಲಿ ಹಿಂದಿನ ಪ್ರೊಪೆಲ್ಲರ್ ಶಾಫ್ಟ್ ಬಲಗಡೆಯಿಂದ ಹೊರಡುತ್ತೆ, ಹಾಗಾಗಿ ಹೌಸಿಂಗಿನ ಉಬ್ಬಿದ ಭಾಗ, ಅಂದ್ರೆ ಡಿಫ್ರೆನ್ಶಿಯಲ್ ಉಂಡೆಯೂ ಬಲಕ್ಕೆ ಸರಿದಿರಬೇಕು. ಮೇಲೆ 18ರ ಡಬ್ಬಿ ಇದ್ದು, ಕೆಳಗೆ ಉಂಡೆ ನಟ್ಟನಡುವೆ ಕಂಡ್ರೆ ಯಾರೋ ಬೇರೆ ಗಾಡಿಯ ಹೌಸಿಂಗ್ ಹಾಕಿದಾರೆ ಅಂತ ಅರ್ಥ. ಆಗ ಶಾಫ್ಟ್ ಓರೆಯಾಗಿ ಓಡುತ್ತೆ, ಯೂನಿವರ್ಸಲ್ ಜಾಯಿಂಟ್ ಬೇಗ ಸವೀತದೆ, ವೇಗ ಏರಿದ ಹಾಗೆ ನಡುಕ ಶುರುವಾಗುತ್ತೆ. ಹೊಸ ಜಾಯಿಂಟ್ ಹಾಕಿದ್ರೂ ಅದೇ ಕಥೆ, ಯಾಕಂದ್ರೆ ಖಾಯಿಲೆ ಜಾಯಿಂಟಲ್ಲಿಲ್ಲ.

ಆ ಉಂಡೆಯ ಹಿಂಬದಿ ಮುಚ್ಚಿರೋ ಕವರಿನ ಬೋಲ್ಟ್ ಎಣಿಸಿ. 44ಕ್ಕೆ 10. ದುಂಡನೆ ಕವರು, 12 ಬೋಲ್ಟ್ ಇದ್ರೆ ಅದು 1976ರಿಂದ ಅಮೆರಿಕದ ಸಿಜೆಗಳಿಗೆ ಬಂದ ಎಎಂಸಿ 20, ವಿಲ್ಲಿಸ್‌ಗೂ ಅದಕ್ಕೂ ಸಂಬಂಧ ಇಲ್ಲ. ಹಾಗಂತ 10 ಅಂದ ತಕ್ಷಣ 44 ಅಂತಲೂ ತಿಳೀಬೇಡಿ. ಹೌಸಿಂಗಿನ ಏಣು ಮೇಲೆ ಎರಕದಲ್ಲೇ ಮೂಡಿದ ಅಂಕಿ ಇರುತ್ತೆ, ವೈರ್ ಬ್ರಷ್ ಹಾಕಿ ಉಜ್ಜಿದ್ರೆ ಕಾಣುತ್ತೆ. 41 ಅಂತ ಕಂಡ್ರೆ ಯೋಚನೆ ಮಾಡಿ, ಅದರ ಸಾಮಾನು ಸಿಗೋದು ಕಷ್ಟ. 44 ಅಂತ ಕಂಡ್ರೂ ಶಾಫ್ಟ್ ತರೋಕೆ ಓಡಬೇಡಿ. 44ರಲ್ಲೇ ಶಾಫ್ಟ್ ತುದಿಗೆ 10 ಹಲ್ಲಿನ ಸ್ಪ್ಲೈನ್ ಇದೆ, 19 ಇದೆ, 30 ಇದೆ. ಒಂದು ಇನ್ನೊಂದಕ್ಕೆ ಹೋಗಲ್ಲ. ಮುರಿದ ಶಾಫ್ಟನ್ನೇ ಅಂಗಡಿಗೆ ಒಯ್ಯಿರಿ.

ಮಹೀಂದ್ರ ಗಾಡಿಗಳ ವಿಷಯದಲ್ಲಿ ಇನ್ನೂ ಹುಷಾರು. ಸಿಜೆ-3ಬಿ, ಸಿಜೆ 500ಡಿ, ಎಂಎಂ 540 ಅಂತ ಮಾದರಿ ಹೆಸರು ಹೇಳಿ ಆಕ್ಸಲ್ ಊಹಿಸೋ ಅಭ್ಯಾಸ ಬಿಡಿ. ಚಕ್ರದ ಐದು ಬೋಲ್ಟಿನ ಐದೂವರೆ ಇಂಚಿನ ವೃತ್ತ ಹಳೇ ವಿಲ್ಲಿಸ್‌ಗೂ ಅದೇ, ಇವಕ್ಕೂ ಅದೇ. ಚಕ್ರ ಕೂತ್ಕೊಂಡ್ತು ಅನ್ನೋದು ಯಾವುದಕ್ಕೂ ಸಾಕ್ಷಿ ಅಲ್ಲ.

ಮುಖ್ಯವಾದದ್ದು ಕ್ರೌನ್ ಪಿನಿಯನ್ ರೇಶಿಯೋ, ಅಂದ್ರೆ ಉಂಡೆಯೊಳಗಿನ ದೊಡ್ಡ ಗೇರಿನ (ಕ್ರೌನ್) ಹಲ್ಲನ್ನ ಸಣ್ಣ ಗೇರಿನ (ಪಿನಿಯನ್) ಹಲ್ಲಿಂದ ಭಾಗಿಸಿದ ಲೆಕ್ಕ. ಯುದ್ಧದ ಜೀಪಿಗೆ 39 ಹಲ್ಲಿನ ಕ್ರೌನು, 8 ಹಲ್ಲಿನ ಪಿನಿಯನ್ನು, ಅಂದ್ರೆ 4.88. ಸಿಜೆ-2ಎಗೆ 43ಕ್ಕೆ 8, ಅಂದ್ರೆ 5.38. ಕವರ್ ಬೋಲ್ಟಿಗೆ ಸಿಕ್ಕಿಸಿದ ತಗಡಿನ ಚೀಟಿ ಉಳಿದಿದ್ರೆ ಅದರಲ್ಲಿ ಹಲ್ಲಿನ ಲೆಕ್ಕ ಬರೆದಿರುತ್ತೆ, ಆದ್ರೆ ಒಳಗಿನ ಸೆಟ್ ಬದಲಾಗಿದ್ರೆ ಚೀಟಿ ಸುಳ್ಳು.

ಕವರ್ ಬಿಚ್ಚದೆ ಅಳೆಯೋದು ಹೀಗೆ. ಮುಂದಿನ ಎರಡೂ ಚಕ್ರಕ್ಕೆ ಕಲ್ಲು ಕೊಡಿ. ಇದನ್ನ ಮರೆತ್ರೆ ಪ್ರಾಣಕ್ಕೇ ಬರುತ್ತೆ. ಈ ಜೀಪುಗಳ ಹ್ಯಾಂಡ್‌ಬ್ರೇಕ್ ಹಿಡಿಯೋದು ಚಕ್ರವನ್ನಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದೆ ಇರೋ ಶಾಫ್ಟನ್ನ. ಒಂದು ಹಿಂದಿನ ಚಕ್ರ ಜಾಕಿ ಮೇಲೆ ಎದ್ದ ಕೂಡಲೇ ಡಿಫ್ರೆನ್ಶಿಯಲ್ ಮೂಲಕ ಇನ್ನೊಂದು ಚಕ್ರ ಸಲೀಸಾಗಿ ಉರುಳುತ್ತೆ, ಬ್ರೇಕ್ ಎಳೆದಿದ್ರೂ ಗಾಡಿ ಜಾರುತ್ತೆ. ಹೇಗೂ ಅಳತೆಗೆ ಬ್ರೇಕ್ ಬಿಡಲೇಬೇಕು. ಗೇರ್ ನ್ಯೂಟ್ರಲ್, ಮುಂದಿನ ಆಕ್ಸಲ್ ಲಿವರ್ ಬಿಡಿಸಿ. ಹಿಂದಿನ ಒಂದು ಚಕ್ರ ಎತ್ತಿ, ಪ್ರೊಪೆಲ್ಲರ್ ಶಾಫ್ಟಿಗೂ ಟೈರಿಗೂ ಸೀಮೆಸುಣ್ಣದ ಗುರುತು ಹಾಕಿ. ಇನ್ನೊಂದು ಚಕ್ರ ನೆಲದ ಮೇಲೆ ನಿಂತಿರೋದ್ರಿಂದ, ಎತ್ತಿದ ಚಕ್ರ 2 ಸುತ್ತು ತಿರುಗಿಸಿದ್ರೆ ಕ್ರೌನ್ 1 ಸುತ್ತು. 4.88ಕ್ಕೂ 5.38ಕ್ಕೂ ಅರ್ಧ ಸುತ್ತಿನ ವ್ಯತ್ಯಾಸ, ಕಣ್ಣಳತೆಯಲ್ಲಿ ಮೋಸ ಹೋಗ್ತೀರಿ. ಚಕ್ರ 20 ಸುತ್ತು ತಿರುಗಿಸಿ. ಶಾಫ್ಟ್ 48ಮುಕ್ಕಾಲು ಸುತ್ತಿದ್ರೆ 4.88, 53ಮುಕ್ಕಾಲು ಸುತ್ತಿದ್ರೆ 5.38.

ಮುಂದಿನ ಆಕ್ಸಲ್‌ದೂ ಅಳೆಯಿರಿ. ಇಲ್ಲೇ ನಮ್ಮ ಕಡೆ ಗಾಡಿಗಳು ಸಿಕ್ಕಿಬೀಳೋದು. ಹಿಂದೆ 4.88, ಮುಂದೆ 5.38 ಇದ್ರೆ ಸುಮಾರು ನೂರಕ್ಕೆ ಹತ್ತರ ವ್ಯತ್ಯಾಸ. ಭದ್ರಾ ನಾಲೆ ಕೆಳಗಿನ ಗದ್ದೆ ಕೆಸರಲ್ಲಿ ಟೈರು ಜಾರುತ್ತೆ, ಗೊತ್ತಾಗಲ್ಲ. ಮುಂದಿನ ಆಕ್ಸಲ್ ಲಿವರ್ ಹಾಕ್ಕೊಂಡೇ ಡಾಂಬರಿಗೆ ಹತ್ತಿದ ಮೇಲೆ ಎಲ್ಲಾ ಬಿಗೀತದೆ, ಲಿವರ್ ಕೈಗೆ ಬರಲ್ಲ, ಆಮೇಲೆ ಟ್ರಾನ್ಸ್‌ಫರ್ ಕೇಸಿನ ಗೇರೋ ಜಾಯಿಂಟೋ ಹೋಗುತ್ತೆ.

ಪೆಟ್ರೋಲ್ ಜೀಪಿಗೆ ಡೀಸೆಲ್ ಎಂಜಿನ್ ಕೂರಿಸಿದವರಿಗೆ ಇನ್ನೊಂದು ಲೆಕ್ಕ. 6.00-16 ಟೈರು, ಟಾಪ್ ಗೇರು, ಹೈವೇಯಲ್ಲಿ 80 ಕಿ.ಮೀ. ವೇಗ ಅಂದ್ಕೊಳ್ಳಿ. 5.38ಕ್ಕೆ ಎಂಜಿನ್ ನಿಮಿಷಕ್ಕೆ ಸುಮಾರು 3,150 ಸುತ್ತು, 4.88ಕ್ಕೆ 2,860, 3.73ಕ್ಕೆ 2,190. ಹಳೇ ಡೀಸೆಲ್ ಎಂಜಿನ್ನನ್ನ 3,150ರಲ್ಲಿ ಹಿರಿಯೂರಿನವರೆಗೆ ಓಡಿಸೋದು ಹಿಂಸೆ. 44ಕ್ಕೆ 3.73 ಹಾಕೋ ಆಸೆ ಇದ್ರೆ ಬರೀ ಕ್ರೌನ್ ಪಿನಿಯನ್ ಸಾಲದು. 3.73 ಮತ್ತು ಅದಕ್ಕಿಂತ ಕಡಿಮೆಗೆ ಒಂದು ಕ್ಯಾರಿಯರ್ (ಕ್ರೌನ್ ಕೂರಿಸೋ ಚೌಕಟ್ಟು), 3.92 ಮತ್ತು ಮೇಲ್ಪಟ್ಟದ್ದಕ್ಕೆ ಇನ್ನೊಂದು. ಜೊತೆಗೆ ಮುಂದಿನದ್ದನ್ನೂ ಅದೇ ರೇಶಿಯೋಗೆ ತರಬೇಕು.

ಫುಲ್ ಫ್ಲೋಟಿಂಗ್ ಅಂದ್ರೆ ಜಾಸ್ತಿ ದುಡ್ಡು ಕೊಡಬೇಕಾ? ಯುದ್ಧದ ಜೀಪನ್ನ ಇದ್ದ ಹಾಗೇ ಉಳಿಸೋರಾದ್ರೆ ಕೊಡಿ. ಅದರ ಗುಣ ನಿಜ. ಗಾಡಿ ಭಾರ ಚಕ್ರದ ಹಬ್ಬಿನ (ನಡುಗುಂಬದ) ಬೇರಿಂಗ್ ಹೊರುತ್ತೆ, ಶಾಫ್ಟ್ ಮುರಿದ್ರೂ ಚಕ್ರ ಕಳಚಲ್ಲ. ಮುರಿದ ತುಂಡು ಎಳೆದು, ಹಬ್ಬಿಗೆ ಧೂಳು ಹೋಗದ ಹಾಗೆ ಮುಚ್ಚಿ, ಮುಂದಿನ ಚಕ್ರದ ಬಲದಲ್ಲಿ ಊರು ಸೇರಬಹುದು. ಸೆಮಿ ಫ್ಲೋಟಿಂಗಲ್ಲಿ ಶಾಫ್ಟ್ ಮುರಿದ್ರೆ ಚಕ್ರವೇ ಹೊರಗೆ ಬರಬಹುದು. ಇಷ್ಟಾದ್ರೂ ದಿನಾ ಓಡಿಸೋ ಗಾಡಿಗೆ ನಾನು ಆರಿಸೋದು ಒಳ್ಳೇ ಸ್ಥಿತಿಯ 44ನ್ನೇ. ಅದರ ಕ್ರೌನು ಗಟ್ಟಿ, ಸಾಮಾನೂ ಸಿಗುತ್ತೆ.

ಟೇಪರ್ ಶಾಫ್ಟ್ ಕೆಡೋದು ಬಹುಪಾಲು ಕೈಕೆಲಸದ ತಪ್ಪಿಂದ. ಬಲ ಸಾಗಿಸೋದು ಶಾಫ್ಟಿಗೂ ಹಬ್ಬಿಗೂ ನಡುವೆ ಕೂರೋ ಲೋಹದ ತುಂಡು, ಅಂದ್ರೆ ಕೀ ಅಲ್ಲ, ಟೇಪರಿನ ಬಿಗಿ. ನಟ್ ಸಡಿಲ ಇದ್ರೆ ಕೀ ಕತ್ತರಿಸುತ್ತೆ, ಹಬ್ಬಿನ ಒಳಗೋಡೆ ತಿನ್ನುತ್ತೆ. ಟೇಪರ್ ಒರೆಸಿ ಒಣಗಿಸಿ, ಗ್ರೀಸ್ ಬೇಡ. ನಟ್ಟಿಗೆ ಕಡಿಮೆ ಅಂದ್ರೂ 150 ಪೌಂಡ್-ಅಡಿ, ಅಂದ್ರೆ ಸುಮಾರು 200 ನ್ಯೂಟನ್ ಮೀಟರ್ ಬಿಗಿ ಕೊಡಿ. ಸ್ಪ್ಲಿಟ್ ಪಿನ್ ತೂತು ಕೂಡದಿದ್ರೆ ಮುಂದಕ್ಕೆ ತಿರುಗಿಸಿ, ಹಿಂದಕ್ಕೆ ಬೇಡ.

ಡ್ರಮ್ ಒಳಗೆ ಎಣ್ಣೆ ಕಂಡ್ರೆ ಸೀಲ್ ಬದಲಾಯಿಸೋ ಮುಂಚೆ ಹೌಸಿಂಗ್ ಮೇಲಿನ ಬ್ರೀದರ್ (ಗಾಳಿ ಆಡೋ ಸಣ್ಣ ಕಿಂಡಿ) ನೋಡಿ. ಎರೆ ಮಣ್ಣು ಮೆತ್ತಿ ಅದು ಕಟ್ಟಿದ್ರೆ ಬಿಸಿಗೆ ಒಳಗೆ ಒತ್ತಡ ಏರಿ ಎಣ್ಣೆ ಸೀಲ್ ದಾಟುತ್ತೆ. ಆಯಿಲ್ ಸುಮಾರು 1.2 ಲೀಟರ್ ಹಿಡಿಯುತ್ತೆ. ಮಾರೋರ ಎದುರೇ ಡ್ರೈನ್ ಪ್ಲಗ್ ಸಡಿಲಿಸಿ ಒಂದು ಲೋಟ ಇಳಿಸಿ. ಹಾಲಿನ ಬಣ್ಣ ಬಂದ್ರೆ ನೀರು ಹೊಕ್ಕಿದೆ, ಮಿನುಗೋ ಚೂರು ಬಂದ್ರೆ ಹಲ್ಲೋ ಬೇರಿಂಗೋ ಹೋಗಿದೆ. ಪ್ಲಗ್ ಮುಟ್ಟೋಕೂ ಬಿಡಲ್ಲ ಅಂದ್ರೆ, ಬೇರೆ ಗಾಡಿ ನೋಡಿ.