ಹಳದಿ ಹೂವೆಲ್ಲ ತಂಗಡಿಯಲ್ಲ

ಕೇಳುಗರಿಗೆ ನಮಸ್ಕಾರ. ನಮ್ಮ ತಾಳವಾಡಿ, ಹಾಸನೂರು ಕಡೆ ಹೊಲದ ಬದುವಿನಲ್ಲಿ, ಕಲ್ಲು ನೆಲದಲ್ಲಿ ಆಳೆತ್ತರದ ಪೊದೆಯೊಂದು ಹಳದಿ ಹೂ ಹೊತ್ತು ನಿಂತಿರುತ್ತದೆ. ತಂಗಡಿ, ಆವರಿಕೆ ಅನ್ನುತ್ತೇವೆ. ಘಟ್ಟ ಇಳಿದರೆ ತಮಿಳಿನಲ್ಲಿ ಅದೇ ಆವಾರಂ. ಈರೋಡಿನ ಕಡೆ ಪೊಂಗಲ್ ಹೊತ್ತಿಗೆ ಬೇವಿನ ಸೊಪ್ಪಿನ ಜೊತೆ ಈ ಹೂವನ್ನೂ ಸೇರಿಸಿ ಮನೆಗೆ ಕಾಪು, ಅಂದರೆ ಕಾವಲಿನ ಗೊಂಚಲು, ಕಟ್ಟುತ್ತಾರೆ.

ಆದರೆ ಬಣ್ಣ ನೋಡಿ ಗಿಡದ ಹೆಸರು ಹೇಳಬೇಡಿ. ಮೊದಲು ಎಲೆಯ ಬುಡ ನೋಡಿ. ಎಲೆಯ ಕಡ್ಡಿ ರೆಂಬೆಗೆ ಸೇರುವಲ್ಲಿ, ಕಿವಿಯ ಹಾಗೆ ದುಂಡಗೆ ಅಗಲವಾದ ಪುಟ್ಟ ಎಲೆಗಳಿರುತ್ತವೆ. ಅವು ಬೇಗ ಉದುರುವುದಿಲ್ಲ. ಆಮೇಲೆ ಕಡ್ಡಿಯ ಮೇಲೆ ಬೆರಳಾಡಿಸಿ. ಎಂಟರಿಂದ ಹನ್ನೆರಡು ಜೋಡಿ ಚಿಕ್ಕೆಲೆ ಇರುತ್ತವೆ, ತುದಿ ದುಂಡಗೆ. ಒಂದೊಂದು ಜೋಡಿಯ ನಡುವೆಯೂ ಸಣ್ಣ ಗ್ರಂಥಿ, ಅಂದರೆ ಮೊಳೆಯಂಥ ಪುಟ್ಟ ಉಬ್ಬು, ನೆಟ್ಟಗೆ ನಿಂತಿರುತ್ತದೆ. ಈ ಎರಡೂ ಸಿಕ್ಕರೆ ಅದು ತಂಗಡಿಯೇ.

ಇದೂ ಅವರೆ, ತೊಗರಿಯ ಕುಟುಂಬದ್ದೇ. ಹೂವು ಮಾತ್ರ ಅವರೆ ಹೂವಿನಂತಿಲ್ಲ. ಐದು ಎಸಳೂ ಬಿಚ್ಚಿಕೊಂಡಿರುತ್ತವೆ. ಹತ್ತು ಕೇಸರಗಳಲ್ಲಿ ಮೇಲಿನ ಮೂರು ಬರಡು. ಇದರಲ್ಲಿ ಮಕರಂದ ಇಲ್ಲ, ಜೇನ್ನೊಣಗಳೂ ದುಂಬಿಗಳೂ ಬರುವುದು ಪರಾಗಕ್ಕೆ. ಆ ಪರಾಗ ಕೇಸರದ ತುದಿಯ ಸಣ್ಣ ತೂತಿನಿಂದಲೇ ಹೊರಗೆ ಬರಬೇಕು. ದೊಡ್ಡ ಕಪ್ಪು ದುಂಬಿ ಹೂವನ್ನು ಹಿಡಿದು ಮೈ ನಡುಗಿಸಿದಾಗ ಅದು ಉದುರುತ್ತದೆ. ಬೆಳಿಗ್ಗೆ ಪೊದೆಯ ಹತ್ತಿರ ಸುಮ್ನೆ ನಿಂತು ಕೇಳಿ, ಆ ಗುಂಯ್ ಸದ್ದು ಬೇರೆಯೇ.

ತಗಚೆ ಇದರ ನೆಂಟ, ಆದರೆ ಚಿಕ್ಕ ಗಿಡ. ಎಲೆಯಲ್ಲಿ ಸಾಮಾನ್ಯವಾಗಿ ಮೂರೇ ಜೋಡಿ. ರಸ್ತೆ ಬದಿಯ ಸೀಮೆ ತಂಗಡಿ ಮರವಾಗಿ ಬೆಳೆಯುತ್ತದೆ, ಎಲೆಯಲ್ಲಿ ಗ್ರಂಥಿ ಇಲ್ಲ.

ನನಗೆ ನಿಜವಾಗಿ ಚಿಂತೆ ಇರುವುದು ಇನ್ನೊಂದರ ಬಗ್ಗೆ, ಸೆನ್ನಾ ಸ್ಪೆಕ್ಟಾಬಿಲಿಸ್. ಅಮೆರಿಕ ಖಂಡದಿಂದ ಬಂದ ಮರ. ಮುದುಮಲೈ, ವಯನಾಡಿನ ಕಾಡುಗಳಲ್ಲಿ ಹಬ್ಬಿ, ಕೆಳಗಿನ ಹುಲ್ಲನ್ನೂ ಸಸಿಗಳನ್ನೂ ಏಳಲು ಬಿಡುತ್ತಿಲ್ಲ. ಕಡಿದರೆ ಬುಡದಿಂದ ಮತ್ತೆ ಚಿಗುರಿ ಪೊದೆಯಂತೆ ಕಾಣುತ್ತದೆ, ಮೋಸ ಹೋಗುವುದು ಅಲ್ಲೇ ಅಲ್ವಾ? ಅದರ ಚಿಕ್ಕೆಲೆಯ ತುದಿ ಚೂಪು. ಕಡ್ಡಿಯಲ್ಲಿ ಗ್ರಂಥಿ ಇಲ್ಲ. ಕಾಯಿ ಉದ್ದ, ಉರುಟು. ನಮ್ಮ ತಂಗಡಿಯ ಕಾಯಿ ಚಪ್ಪಟೆ, ತೆಳು, ಒಳಗಿನ ಬೀಜದ ಗುರುತು ಹೊರಗೇ ಕಾಣುತ್ತದೆ.

ಕಳೆ ತೆಗೆಯುವ ಕೆಲಸಕ್ಕೆ ಊರಿನ ಹುಡುಗರು ಹೊರಟರೆ, ಮಚ್ಚು ಎತ್ತುವ ಮುಂಚೆ ಒಂದು ಎಲೆಯ ಬುಡ ತೋರಿಸಿಕೊಡಿ. ತಂಗಡಿ ಈ ಒಣ ನೆಲದ್ದೇ ಗಿಡ. ತೊಗಲು ಹದ ಮಾಡಲು ಅದರ ತೊಗಟೆ, ಗದ್ದೆಗೆ ಹಸಿರು ಗೊಬ್ಬರವಾಗಿ ಅದರ ಸೊಪ್ಪು ಬಹಳ ಕಾಲದಿಂದ ಬಳಕೆಯಲ್ಲಿವೆ. ಅದನ್ನು ಹಾಗೇ ಬಿಡಿ.

ನಮಸ್ಕಾರ.