ಕ್ಯಾಂಪಸ್ ಕೆಲಸ: ಆಗಸ್ಟ್‌ನಲ್ಲಾ, ಜನವರಿಯಲ್ಲಾ?

ಎಲ್ಲರಿಗೂ ನಮಸ್ಕಾರ. ಅಮೆರಿಕದ ಈ ನಮ್ಮ ಕೂಟದ ಎಷ್ಟೋ ಮನೆಗಳಿಂದ ಈ ಸಲ ಮಕ್ಕಳು ಹೈಸ್ಕೂಲ್ ಮುಗಿಸಿ ಕಾಲೇಜಿಗೆ ಹೊರಟಿದ್ದಾರೆ. ಕಾಲೇಜು ಏನೇನು ಹಣಕಾಸು ನೆರವು ಕೊಡುತ್ತದೆ ಅಂತ ತಿಳಿಸುವ ಅವಾರ್ಡ್ ಲೆಟರಿನಲ್ಲಿ ಕೆಲವರಿಗೆ 'ಫೆಡರಲ್ ವರ್ಕ್-ಸ್ಟಡಿ', ಅಂದರೆ ಓದುತ್ತಾ ಮಾಡುವ ಕೆಲಸ, ಅಂತ ಒಂದು ಸಾಲು ಇರುತ್ತದೆ, ಪಕ್ಕದಲ್ಲಿ ಒಂದು ಮೊತ್ತ. ಇವತ್ತು ಆ ಸಾಲಿನ ಬಗ್ಗೆ ಮಾತ್ರ ಮಾತು. ನಾನು ಒಂದು ಯೂನಿವರ್ಸಿಟಿ ಲೈಬ್ರರಿಯಲ್ಲಿ ಇದ್ದೇನೆ. ಅಲ್ಲಿ ವಿದ್ಯಾರ್ಥಿಗಳನ್ನು ಕೆಲಸಕ್ಕೆ ತೆಗೆದುಕೊಳ್ಳುವವರಲ್ಲಿ ನಾನೂ ಒಬ್ಬಳು. ಕೆಲಸ ಕೊಡುವವರಿಗೆ ಇದೆಲ್ಲ ಹೇಗೆ ಕಾಣುತ್ತದೆ ಅಂತ ಹೇಳಬಲ್ಲೆ.

ಅಪ್ಪ ಅಮ್ಮಂದಿರು ಕೇಳುವುದು ಒಂದೇ ಮಾತು. "ಮೊದಲ ಸೆಮಿಸ್ಟರ್ ಸುಮ್ನೆ ಓದಿಕೊಂಡಿರಲಿ, ಕೆಲಸದ ವಿಷಯ ಜನವರಿಯಲ್ಲಿ ನೋಡೋಣ, ಅಲ್ವಾ?" ಹೆಚ್ಚಿನ ಮಕ್ಕಳಿಗೆ ಈ ಲೆಕ್ಕಾಚಾರ ಸರಿಹೋಗುವುದಿಲ್ಲ ಅಂತ ನನ್ನ ಅಭಿಪ್ರಾಯ. ಕೆಲಸ ಆಗಸ್ಟ್‌ನಲ್ಲೇ ಹಿಡಿಯಬೇಕು. ಗಂಟೆ ಮಾತ್ರ ಕಡಿಮೆ ಇಟ್ಟುಕೊಳ್ಳಬೇಕು.

ಮೊದಲು ಆ ಸಾಲು ಏನು ಅಂತ ನೋಡಿ. ಇದು ಲಿಂಡನ್ ಜಾನ್ಸನ್ ಅಧ್ಯಕ್ಷರಾಗಿದ್ದಾಗ, 1964ರಲ್ಲಿ, ಬಡತನದ ವಿರುದ್ಧ ತಂದ ಕಾನೂನಿನ ಜೊತೆ ಶುರುವಾದ ಯೋಜನೆ. ಗ್ರಾಂಟ್ ಅಲ್ಲ, ಸಾಲವೂ ಅಲ್ಲ. ಕೆಲಸ ಮಾಡಿದರೆ ಬರುವ ಸಂಬಳ. ಲೆಟರಿನಲ್ಲಿ ಗ್ರಾಂಟು, ಸ್ಕಾಲರ್‌ಶಿಪ್ಪುಗಳ ಕೆಳಗೇ ಬರೆದಿರುವುದರಿಂದ ಫೀಸಿನಲ್ಲಿ ಅಷ್ಟು ಕಡಿಮೆಯಾಯಿತು ಅಂತ ಅಂದುಕೊಳ್ಳುವವರು ತುಂಬಾ ಜನ. ಕಡಿಮೆ ಆಗುವುದಿಲ್ಲ. ಆಗಸ್ಟ್ ಬಿಲ್ಲನ್ನು ಅದಿಲ್ಲದೆಯೇ ಕಟ್ಟಬೇಕು. ಮೊದಲ ಸಂಬಳ ಸೆಪ್ಟೆಂಬರ್ ಕೊನೆಗೆ ಬಂದರೆ ಪುಣ್ಯ. ಪುಸ್ತಕ, ಫೋನು, ಊರಿಗೆ ಬರುವ ಬಸ್ ಟಿಕೆಟ್, ಇಂಥದ್ದಕ್ಕೆ ಆಗುವ ದುಡ್ಡು ಅದು. ಇನ್ನೊಂದು, ಆ ಸಾಲು ಇದ್ದ ಮಾತ್ರಕ್ಕೆ ಕೆಲಸ ಸಿಕ್ಕಿತು ಅಂತಲೂ ಅಲ್ಲ. ಬಹಳಷ್ಟು ಕಾಲೇಜುಗಳಲ್ಲಿ ಕೆಲಸವನ್ನು ಹುಡುಗರೇ ಹುಡುಕಿಕೊಂಡು ಅರ್ಜಿ ಹಾಕಬೇಕು.

ಈಗ ಲೆಕ್ಕ. ವರ್ಷಕ್ಕೆ 2,400 ಡಾಲರ್ ಅವಾರ್ಡ್, ಗಂಟೆಗೆ 12 ಡಾಲರ್ ಕೂಲಿ ಅಂತ ಇಟ್ಟುಕೊಳ್ಳಿ. ಒಟ್ಟು 200 ಗಂಟೆ. ಎರಡು ಸೆಮಿಸ್ಟರಿನ 30 ವಾರಕ್ಕೆ ಹಂಚಿದರೆ ವಾರಕ್ಕೆ ಏಳು ಗಂಟೆಯೂ ಆಗುವುದಿಲ್ಲ. ಎರಡು ಮೂರು ಪಾಳಿ, ಅಷ್ಟೇ. ಜನವರಿಗೆ ತಳ್ಳಿದರೆ ಅದೇ 200 ಗಂಟೆ 15 ವಾರಕ್ಕೆ ಬೀಳುತ್ತದೆ. ವಾರಕ್ಕೆ 13 ಗಂಟೆ ದಾಟುತ್ತದೆ. ಓದಿಗೆ ತೊಂದರೆಯಾಗದಿರಲಿ ಅಂತ ತಡಮಾಡಿದ್ದೇ ಓದಿನ ಮೇಲೆ ಬಂದು ಕೂತಂತಾಯಿತು. ಅದೂ ಕಾಲೇಜು ಒಪ್ಪಿದರೆ. ಕೆಲವು ಕಡೆ ಮೊತ್ತವನ್ನು ಎರಡು ಸೆಮಿಸ್ಟರಿಗೆ ಅರ್ಧ ಅರ್ಧ ಭಾಗ ಮಾಡಿಟ್ಟಿರುತ್ತಾರೆ. ಮೊದಲರ್ಧ ಬಳಸದಿದ್ದರೆ ಹೋಯಿತು. ನಿಮ್ಮ ಕಾಲೇಜಿನ ನಿಯಮ ಏನು ಅಂತ ಫೈನಾನ್ಶಿಯಲ್ ಏಡ್ ಆಫೀಸಿಗೆ ಈಗಲೇ ಒಂದು ಫೋನ್ ಮಾಡಿ. ಎರಡನೇ ಸೆಮಿಸ್ಟರ್ ಹಗುರ ಅಂತ ಯಾರು ಹೇಳಿದರೋ ನನಗೆ ಗೊತ್ತಿಲ್ಲ! ಇಂಜಿನಿಯರಿಂಗ್ ಹುಡುಗರಿಗೆ ಎರಡನೇ ಕ್ಯಾಲ್ಕುಲಸ್ಸೂ ಫಿಸಿಕ್ಸೂ ಒಟ್ಟಿಗೆ ಬರುವುದು ಸಾಮಾನ್ಯವಾಗಿ ಆಗಲೇ.

ಲೆಕ್ಕಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ಒಳ್ಳೆಯ ಕೆಲಸಗಳು ಸೆಪ್ಟೆಂಬರಿಗೆ ಖಾಲಿ. ಲೈಬ್ರರಿಯ ರಾತ್ರಿ ಪಾಳಿ, ಜಿಮ್ಮಿನ ಮುಂದಿನ ಡೆಸ್ಕು, ಡಿಪಾರ್ಟ್‌ಮೆಂಟ್ ಆಫೀಸು, ಇಲ್ಲೆಲ್ಲ ಜನ ಬರದಿದ್ದಾಗ ಪುಸ್ತಕ ತೆರೆದು ಕೂರಬಹುದು. ಇವಕ್ಕೆ ತರಗತಿ ಶುರುವಾಗುವ ಮುಂಚೆಯೇ ಅರ್ಜಿ ಬಂದು ಬಿದ್ದಿರುತ್ತವೆ. ಒಮ್ಮೆ ಸೇರಿದವರು ಸುಲಭಕ್ಕೆ ಬಿಡುವುದಿಲ್ಲ. ಜನವರಿಯಲ್ಲಿ ಬಂದವರಿಗೆ ಉಳಿಯುವುದು ಸಾಮಾನ್ಯವಾಗಿ ಡೈನಿಂಗ್ ಹಾಲ್‌ನಲ್ಲಿ ತಟ್ಟೆ ತೆಗೆಯುವ ಪಾಳಿ. ಅದು ಕೀಳು ಕೆಲಸ ಅಂತ ಹೇಳುತ್ತಿಲ್ಲ. ಆದರೆ ಅಲ್ಲಿ ಕೆಮಿಸ್ಟ್ರಿ ಓದಲು ಆಗುವುದಿಲ್ಲ. ಮತ್ತೆ ಇದನ್ನು ನೆನಪಿಡಿ: ವರ್ಕ್-ಸ್ಟಡಿ ಹುಡುಗರ ಸಂಬಳದಲ್ಲಿ ಸಾಮಾನ್ಯವಾಗಿ ಶೇ. 75ರವರೆಗೆ ಕೇಂದ್ರ ಸರ್ಕಾರದ ಹಣದಿಂದ ಬರಬಹುದು. ಹಾಗಾಗಿ ನಿಮ್ಮನ್ನು ತೆಗೆದುಕೊಳ್ಳುವುದು ನಮ್ಮಂಥ ವಿಭಾಗಗಳಿಗೆ ಅಗ್ಗ. ಅರ್ಜಿಯ ಮೊದಲ ಸಾಲಿನಲ್ಲೇ 'ನನಗೆ ವರ್ಕ್-ಸ್ಟಡಿ ಇದೆ' ಅಂತ ಬರೆಯಿರಿ. ನಾಚಿಕೆ ಬೇಡ.

ಈ ನಾಚಿಕೆ ನಮ್ಮವರಲ್ಲಿ ಸ್ವಲ್ಪ ಜಾಸ್ತಿ. "ಓದೋ ಮಗು ಯಾಕೆ ದುಡಿಯಬೇಕು, ನಾವಿಲ್ವಾ?" ಅನ್ನುತ್ತೇವೆ. ನಮ್ಮ ಅಜ್ಜಂದಿರ ಕಾಲದಲ್ಲಿ ಮೈಸೂರಿಗೋ ಬೆಂಗಳೂರಿಗೋ ಬಂದ ಎಷ್ಟೋ ಹುಡುಗರು ವಾರಾನ್ನದಲ್ಲಿ ಓದಿದರು. ದಿನಕ್ಕೊಂದು ಮನೆಯ ಊಟ, ಆ ಮನೆಯವರ ಮರ್ಜಿ. ಇಲ್ಲಿ ಯಾರ ಮರ್ಜಿಯೂ ಇಲ್ಲ. ಗಂಟೆಗೆ ಇಷ್ಟು ಅಂತ ಕೂಲಿ ಇದೆ. ಈ ಸಂಬಳವನ್ನು ಮುಂದಿನ ಫಾಫ್ಸಾ (ಸರ್ಕಾರದ ಹಣಕಾಸು ನೆರವಿಗೆ ಹಾಕುವ ಅರ್ಜಿ) ಲೆಕ್ಕದಲ್ಲಿ ಮಗುವಿನ ಆದಾಯದಿಂದ ಬಿಟ್ಟುಬಿಡುತ್ತಾರೆ. ಹೊರಗೆ ಕಾಫಿ ಅಂಗಡಿಯಲ್ಲಿ ದುಡಿದರೆ ಆ ಅನುಕೂಲ ಇಲ್ಲ. ಹಾಗಾಗಿ ಆನ್‌ಲೈನಿನಲ್ಲಿ 'ಡಿಕ್ಲೈನ್' ಒತ್ತುವ ಮುಂಚೆ ಯೋಚಿಸಿ. ಒಪ್ಪಿಕೊಂಡರೆ ಕೆಲಸ ಮಾಡಲೇಬೇಕು ಅಂತೇನಿಲ್ಲ. ಬೇಡ ಅಂದಮೇಲೆ ಮತ್ತೆ ಬೇಕು ಅಂದರೆ, ಅಷ್ಟರಲ್ಲಿ ಕಾಲೇಜಿನ ಹಣ ಮುಗಿದಿರಬಹುದು.

ಹಾಗಾದರೆ ಕಾಯಬೇಕಾದವರು ಯಾರೂ ಇಲ್ಲವಾ? ಇದ್ದಾರೆ. ಕಾಲೇಜು ತಂಡದಲ್ಲಿ ಆಡುವ ಮಕ್ಕಳು. ಮನೆಯಿಂದ ದಿನಾ ಒಂದೊಂದು ಗಂಟೆ ಓಡಾಡುವವರು. ಆರೋಗ್ಯವೋ ಮನಸ್ಸೋ ಸರಿಯಿಲ್ಲದೆ ಹೈಸ್ಕೂಲಿನ ಕೊನೆಯ ವರ್ಷ ಕಷ್ಟಪಟ್ಟವರು. ಇವರು ಮೊದಲ ಸೆಮಿಸ್ಟರಿನಲ್ಲಿ ಕೆಲಸ ಬಿಟ್ಟರೆ ನಾನು ತಪ್ಪು ಅನ್ನುವುದಿಲ್ಲ. ಉಳಿದವರು 15 ಕ್ರೆಡಿಟ್ ತೆಗೆದುಕೊಂಡರೆ ತರಗತಿ ಮತ್ತು ಓದು ಸೇರಿ ವಾರಕ್ಕೆ ಸುಮಾರು 45 ಗಂಟೆ ಅಂತ ಕಾಲೇಜುಗಳು ಹೇಳುತ್ತವೆ. ಅದರ ಮೇಲೆ ಆರೇಳು ಗಂಟೆ ಕೆಲಸ ಸೇರಿದರೆ ಹೊಂದಿಸಿಕೊಳ್ಳಬಹುದು. ಹತ್ತೂವರೆಗೆ ಒಂದು ಕ್ಲಾಸು, ಎರಡೂವರೆಗೆ ಇನ್ನೊಂದು ಅಂತಿದ್ದರೆ ನಡುವಿನ ಹೊತ್ತು ಹೆಚ್ಚಾಗಿ ಫೋನಿನಲ್ಲೇ ಹೋಗುವುದು. ಅಲ್ಲಿ ಒಂದು ಪಾಳಿ ಹಾಕಿಸಿಕೊಳ್ಳಿ. ಭಾನುವಾರ ರಾತ್ರಿ ಪಾಳಿ ಮಾತ್ರ ಬೇಡ ಅನ್ನಿ. ಸೋಮವಾರಕ್ಕೆ ಕೊಡಬೇಕಾದ ಅಸೈನ್‌ಮೆಂಟ್ ಎಲ್ಲರೂ ಮಾಡುವುದು ಆಗಲೇ.

ಅಪ್ಪ ಅಮ್ಮಂದಿರಿಗೆ ಒಂದು ಕೆಲಸ. ಹಾಸ್ಟೆಲಿಗೆ ಬಿಡಲು ಹೋದಾಗ ಮಗುವಿನ ಅಸಲಿ ಅಮೆರಿಕನ್ ಪಾಸ್‌ಪೋರ್ಟ್ ಕೊಟ್ಟು ಬನ್ನಿ. ಇಲ್ಲದಿದ್ದರೆ ಡ್ರೈವಿಂಗ್ ಲೈಸೆನ್ಸ್ ಜೊತೆ ಸೋಶಿಯಲ್ ಸೆಕ್ಯೂರಿಟಿ ಕಾರ್ಡು. ಕೆಲಸಕ್ಕೆ ಸೇರಿದ ಮೂರು ಕೆಲಸದ ದಿನಗಳೊಳಗೆ ಇಲ್ಲಿ ಕೆಲಸ ಮಾಡಲು ಅರ್ಹತೆ ಇದೆ ಅಂತ ಖಚಿತಪಡಿಸುವ ಐ-9 ಫಾರ್ಮಿಗೆ ಇವನ್ನು ತೋರಿಸಬೇಕು. ಜೆರಾಕ್ಸ್ ನಡೆಯುವುದಿಲ್ಲ. ಫೋನಿನಲ್ಲಿ ಫೋಟೋ ತೋರಿಸುವ ಹುಡುಗರನ್ನು ಪ್ರತಿ ವರ್ಷ ವಾಪಸ್ ಕಳಿಸುತ್ತೇವೆ.

ಊರಿಂದ ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಬಂದಿರುವ ಹುಡುಗರೂ ಇಲ್ಲಿ ಕೂತಿದ್ದೀರಿ. ನಿಮಗೆ ಫೆಡರಲ್ ವರ್ಕ್-ಸ್ಟಡಿ ಸಿಗುವುದಿಲ್ಲ. ಕ್ಯಾಂಪಸ್ಸಿನ ಒಳಗೆ ಬೇರೆ ಕೆಲಸ ಮಾಡಬಹುದು, ತರಗತಿ ನಡೆಯುವಾಗ ವಾರಕ್ಕೆ 20 ಗಂಟೆಯ ಮಿತಿ. ಆ ಮಿತಿ ದಾಟಿದರೆ ವೀಸಾಕ್ಕೇ ಕುತ್ತು. ಮೊದಲ ಸೆಮಿಸ್ಟರಿನಲ್ಲಿ 20 ಗಂಟೆಯನ್ನೂ ತುಂಬಿಸಿಕೊಳ್ಳಬೇಡಿ.

ಕೊನೆಗೆ ಮಿಡ್‌ಟರ್ಮಿನ ಮಾತು. ಅಕ್ಟೋಬರಿನಲ್ಲಿ ಒಂದು ಪರೀಕ್ಷೆ ಕೈಕೊಟ್ಟರೆ ಮನೆಯಿಂದ ಹೋಗುವ ಮೊದಲ ಫೋನು "ಕೆಲಸ ಬಿಟ್ಟುಬಿಡು" ಅಂತ. ತಡೆಯಿರಿ. ಮೊದಲು ಮೇಲ್ವಿಚಾರಕರ ಹತ್ತಿರ ಹೋಗಿ ಎರಡು ವಾರ ಗಂಟೆ ಕಡಿಮೆ ಮಾಡಿ ಅಂತ ಕೇಳಲಿ. ನಾವು ದಿನಾ ಹುಡುಗರ ಜೊತೆಯೇ ಇರುವವರು, ಪರೀಕ್ಷೆ ಯಾವಾಗ ಅಂತ ನಮಗೂ ಗೊತ್ತು. ಪರೀಕ್ಷೆ ಸಮಯದಲ್ಲಿ ಪಾಳಿ ಬದಲಿಸಲು ಬಿಡುತ್ತೀರಾ ಅಂತ ಸಂದರ್ಶನದಲ್ಲೇ ಕೇಳಿ. ಇಲ್ಲ ಅಂದವರ ಹತ್ತಿರ ಸೇರಬೇಡಿ.

ನನ್ನ ಮಾತು ಇಷ್ಟೇ. ಅವಾರ್ಡ್ ಲೆಟರ್ ತಂದಿರುವವರು ಮುಂದೆ ಬನ್ನಿ, ಒಟ್ಟಿಗೆ ಕೂತು ನೋಡೋಣ.